ತರ್ಲಿಕ್ಕೆ ಮರೆತದ್ದು, ತಂದದ್ದು ಮರೆತದ್ದು

ಗೇರುಬೀಜದ ವ್ಯಾಪಾರದಲ್ಲಿ ಸ್ಯಾಂಪಲ್ ಅಂದರೆ ದೊಡ್ಡ ವಿಷಯ. ಹೊರದೇಶದ ಪಾರ್ಟಿ ಮೊದಲು ಸ್ವಲ್ಪ ತರಿಸುತ್ತಾನೆ. ಬಣ್ಣ ನೋಡುತ್ತಾನೆ, ತುಂಡು ಎಷ್ಟುಂಟು ನೋಡುತ್ತಾನೆ, ಒಂದು ಪೌಂಡ್ ತೂಗಿ ಕೂತು ಎಣಿಸುತ್ತಾನೆ. ನಾವು ಡಬ್ಲ್ಯೂ 320 ಅಂತ ಬರೆದಿದ್ದರೆ ಒಂದು ಪೌಂಡಿಗೆ 300ರಿಂದ 320 ಬೀಜ ಬರಬೇಕು. ಅದಕ್ಕಿಂತ ಜಾಸ್ತಿ ಬಂದರೆ ಬೀಜ ಸಣ್ಣದು ಅಂತ ಲೆಕ್ಕ, ರೇಟು ಇಳಿಸು ಅಂತ ಮಾತು ಶುರು. ಇದೆಲ್ಲ ಮುಗಿದ ಮೇಲೆಯೇ ಕಂಟೇನರಿನ ವಿಷಯ. ನಾನು ಮಂಗಳೂರಿನಲ್ಲಿ ಅಂಥ ಒಂದು ಕಡೆ ಆಫೀಸ್ ಕೆಲಸ ಮಾಡುವವ. ಬಿಲ್ಲು, ಮೇಲ್, ಕೊರಿಯರ್ ಎಲ್ಲ ನನ್ನ ಮೇಜಿನಿಂದಲೇ ಹೋಗುವುದು.

ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದಲ್ಲಿ ನಾನು ಒಬ್ಬರಿಗೆ ಸ್ಯಾಂಪಲ್ ಕಳಿಸ್ಲಿಕ್ಕೆ ಮರೆತೆ. ಪೊಟ್ಟಣ ಕಟ್ಟಿ, ಚೀಟಿ ಅಂಟಿಸಿ, ಕಪಾಟಿನ ಮೇಲೆ ಇಟ್ಟವ ಅಲ್ಲೇ ಬಿಟ್ಟಿದ್ದೆ. ಹತ್ತು ದಿನ ಕಳೆದು ಅವರ ಮೇಲ್ ಬಂತು, ಸ್ಯಾಂಪಲ್ ಎಲ್ಲಿ ಅಂತ. ತಪ್ಪು ನಮ್ಮದೇ, ಸುಳ್ಳು ಯಾಕೆ ಹೇಳಬೇಕು ಅಂತ ನಾನು ಉತ್ತರ ಬರೆದೆ: "ಸಾರಿ, ವಿ ಫರ್ಗಾಟ್ ಸೆಂಡಿಂಗ್ ದ ಸ್ಯಾಂಪಲ್." ಕಳಿಸುವುದನ್ನು ಮರೆತೆವು. ಸರಿಯಾಗಿಯೇ ಉಂಟಲ್ಲ ಅಂತ ಎರಡು ಸಲ ಓದಿ ಕಳಿಸಿದೆ.

ಮರುದಿನ ಅವರ ಉತ್ತರ ಭಾರೀ ಮರ್ಯಾದೆಯದ್ದು. ಓ, ಹಾಗಾದರೆ ನೀವು ಕಳಿಸಿದ್ದೀರಿ, ಕೊರಿಯರ್ ನಂಬರ್ ಕೊಡಿ, ನಮ್ಮ ಗೋಡೌನಿನಲ್ಲಿ ಹುಡುಕಿಸುತ್ತೇವೆ. ಎರಡು ದಿನ ಹುಡುಕಿದರಂತೆ. ಇಲ್ಲಿ ಪೊಟ್ಟಣ ನನ್ನ ತಲೆಯ ಮೇಲಿನ ಕಪಾಟಿನಲ್ಲಿ ಕೂತು ನಗಾಡ್ತಾ ಇತ್ತು. ವಿಷಯ ಧಣಿಗಳವರೆಗೆ ಹೋಯಿತು. ಆಮೇಲೆ ಆದದ್ದನ್ನು ಬರೆಯುವುದಿಲ್ಲ.

ಇಂಗ್ಲಿಷಿನಲ್ಲಿ "ಫರ್ಗಾಟ್ ಸೆಂಡಿಂಗ್" ಅಂದರೆ ಕಳಿಸಿದ್ದು ಮರೆತುಹೋಗಿದೆ. ಕಳಿಸಿ ಆಗಿದೆ, ನೆನಪು ಮಾತ್ರ ಹಾರಿದೆ. "ಫರ್ಗಾಟ್ ಟು ಸೆಂಡ್" ಅಂದರೆ ಕಳಿಸ್ಲಿಕ್ಕೆ ಮರೆತದ್ದು, ಸಾಮಾನು ಇನ್ನೂ ಕಪಾಟಿನ ಮೇಲೆಯೇ. ಇಂಗ್ ಹಚ್ಚಿದರೆ ಒಂದು, ಟು ಹಚ್ಚಿದರೆ ಅದಕ್ಕೆ ಉಲ್ಟಾ. ಶಾಲೆಯಲ್ಲಿ ಮೊದಲನೆಯದಕ್ಕೆ ಜೆರಂಡ್, ಎರಡನೆಯದಕ್ಕೆ ಇನ್ಫಿನಿಟಿವ್ ಅಂತ ಹೇಳಿಕೊಟ್ಟಿದ್ದರು. ಹೆಸರು ನೆನಪಿತ್ತು, ಪರೀಕ್ಷೆಗೆ ಅಷ್ಟು ಸಾಕಿತ್ತು.

ಈಗ ಇದನ್ನೆಲ್ಲ ಬರೆಯುತ್ತಿರುವುದು ಯಾಕೆಂದರೆ ಅಕ್ಕನ ಮಗಳು ನಮ್ಮ ಮನೆಯಲ್ಲಿದ್ದಾಳೆ. ಅವರ ಮನೆ ಬ್ರಹ್ಮಾವರ, ಇವಳಿಗೆ ಇಲ್ಲಿ ನರ್ಸ್ ಕೆಲಸ, ಹೊರಗೆ ಹೋಗುವ ಆಲೋಚನೆ, ಅದಕ್ಕೆ ಇಂಗ್ಲಿಷ್ ಪರೀಕ್ಷೆ. ನೈಟ್ ಡ್ಯೂಟಿ ಮುಗಿಸಿ ಬಂದು ಫ್ರಿಜ್ಜಿನ ಎದುರು ನಿಂತು ಮಗ್ಗಿ ಹೇಳಿದ ಹಾಗೆ ಹೇಳುತ್ತಾಳೆ. ಎಂಜಾಯ್ ಇಂಗ್, ಅವಾಯ್ಡ್ ಇಂಗ್, ಫಿನಿಶ್ ಇಂಗ್. ವಾಂಟ್ ಟು, ಹೋಪ್ ಟು, ಡಿಸೈಡ್ ಟು. ಫ್ರಿಜ್ಜಿನ ಬಾಗಿಲಿಗೆ ಅವಳ ಕೋಚಿಂಗಿನವರು ಕೊಟ್ಟ ಹಾಳೆ ಅಂಟಿಸಿದ್ದಾಳೆ, ಎರಡು ಸಾಲು, ಎಡಕ್ಕೆ ಇಂಗ್, ಬಲಕ್ಕೆ ಟು. ಕೆಳಗೆ ನಕ್ಷತ್ರ ಹಾಕಿ ನಾಲ್ಕೈದು ಶಬ್ದ, ರಿಮೆಂಬರ್, ಫರ್ಗೆಟ್, ಸ್ಟಾಪ್, ಟ್ರೈ, ರಿಗ್ರೆಟ್. "ಇವು ಎರಡೂ ಕಡೆ ಬರ್ತವೆ, ಅರ್ಥ ಬೇರೆ" ಅಂತ ಒಂದು ಸಾಲು. ಯಾವ ಅರ್ಥ, ಹೇಗೆ ಬೇರೆ ಅಂತ ಇಲ್ಲ. ನನಗೆ ಎರಡು ದಿನದ ಗೋಡೌನ್ ಹುಡುಕಾಟ ಕೊಟ್ಟದ್ದು ಆ ನಕ್ಷತ್ರದ ಪೈಕಿಯದ್ದೇ.

"ಮಾಮ, ಇದೊಂದು ತಲೆಗೇ ಹೋಗುವುದಿಲ್ಲ" ಅಂದಳು.

ನಾನು ಕೇಳಿದೆ, "ನಿನ್ನ ವಾರ್ಡಿನಲ್ಲಿ ಒಬ್ಬಳು ಇಂಜೆಕ್ಷನ್ ಕೊಡ್ಲಿಕ್ಕೆ ಮರೆತಳು, ಇನ್ನೊಬ್ಬಳು ಕೊಟ್ಟದ್ದು ಮರೆತಳು. ಯಾವುದು ಡೇಂಜರ್?"

"ಎರಡೂ ಡೇಂಜರೇ. ಒಂದರಲ್ಲಿ ಪೇಷಂಟಿಗೆ ಸಿಕ್ಕಿದ್ದೇ ಇಲ್ಲ, ಇನ್ನೊಂದರಲ್ಲಿ ಎರಡೆರಡು ಸಲ ಹೋಗ್ತದೆ. ಅದಕ್ಕೇ ಅಲ್ವಾ ಕೊಟ್ಟ ಕೂಡಲೇ ಚಾರ್ಟಿನಲ್ಲಿ ಬರೆಯುವುದು."

"ಕೊಡ್ಲಿಕ್ಕೆ ಅಂದರೆ ಟು ಗಿವ್. ಕೊಟ್ಟದ್ದು ಅಂದರೆ ಗಿವಿಂಗ್. ಮುಗಿಯಿತು."

ಅವಳು ಒಂದು ನಿಮಿಷ ಸುಮ್ಮನೆ ನಿಂತಳು. ಆಮೇಲೆ, "ಇಷ್ಟೇಯಾ?" ಅಂದಳು. ಇಷ್ಟೇ ಅಲ್ಲ, ಅದು ಆಮೇಲೆ ಗೊತ್ತಾಯಿತು, ಆದರೆ ಆ ಹೊತ್ತಿಗೆ ನನಗೂ ಇಷ್ಟೇ ಅಂತ ಅನಿಸಿತ್ತು.

ನಾನು ಅಂದು ಯಾಕೆ ತಪ್ಪಿದೆ ಅಂತ ಈಗ ಗೊತ್ತಾಗುತ್ತದೆ. ನಾನು ಪುಸ್ತಕದ ಕನ್ನಡದಲ್ಲಿ ಯೋಚಿಸಿದೆ. "ಕಳಿಸುವುದನ್ನು ಮರೆತೆ." ಈ ವುದು ಅನ್ನುವುದು ಸ್ವಲ್ಪ ಜಾರುವ ಸಾಮಾನು, ಆದದ್ದಕ್ಕೂ ಆಗಬೇಕಾದದ್ದಕ್ಕೂ ಹೊಂದಿಕೊಳ್ಳುತ್ತದೆ. ಇಂಗ್ ಅಂದರೆ ವುದು ಅಂತ ಯಾರೋ ಹೇಳಿಕೊಟ್ಟಿದ್ದರು, ಅದನ್ನು ನಂಬಿ ಹಾಗೇ ಇಳಿಸಿದೆ. ಮನೆಯಲ್ಲಿ ಮಾತಾಡುವ ಹಾಗೆ ಯೋಚಿಸಿದ್ದರೆ "ಕಳಿಸ್ಲಿಕ್ಕೆ ಮರೆತೆ" ಅಂತಲೇ ಬರುತ್ತಿತ್ತು, ಲಿಕ್ಕೆಗೆ ಟು ಅಂತ ಕೈ ತಾನಾಗಿ ಬರೆಯುತ್ತಿತ್ತು. ನಮ್ಮ ಮಂಗಳೂರು ಕನ್ನಡಕ್ಕೆ ಬೆಂಗಳೂರಿನವರು ಎಷ್ಟೇ ನಗಾಡಲಿ, ಲಿಕ್ಕೆಯ ವಿಷಯದಲ್ಲಿ ನಾವು ಬಹಳ ಕಟ್ಟುನಿಟ್ಟು. "ನನಗೆ ಹೋಗ್ಲಿಕ್ಕುಂಟು" ಅಂದರೆ ಹೋಗಿ ಆಗಿಲ್ಲ. "ಅವ ಬರ್ಲಿಕ್ಕಿಲ್ಲ" ಅಂದರೆ ಬರುವ ಅಂದಾಜಿಲ್ಲ. ಲಿಕ್ಕೆ ಬಂತು ಅಂದರೆ ಸಂಗತಿ ಇನ್ನೂ ಮುಂದಿದೆ. ತುಳುವಿನಲ್ಲೂ ಹಾಗೇ, ಮಲ್ಪೆರೆ ಉಂಡು ಅಂದರೆ ಮಾಡ್ಲಿಕ್ಕುಂಟು, ಕೆಲಸ ಇನ್ನೂ ಬಾಕಿ.

ಸ್ಟಾಪ್ ತಗೊಳ್ಳಿ. ಮಂಗಳೂರಿನಿಂದ ಉಡುಪಿಗೆ ಹೋಗುವಾಗ ಪಡುಬಿದ್ರಿಯಲ್ಲಿ ಚಾ ಕುಡೀಲಿಕ್ಕೆ ನಿಂತೆವು. ಸ್ಟಾಪ್ಡ್ ಟು ಡ್ರಿಂಕ್. ಶುಗರ್ ಬಂದ ಮೇಲೆ ಚಾ ಕುಡಿಯುವುದು ನಿಲ್ಲಿಸಿದೆ. ಸ್ಟಾಪ್ಡ್ ಡ್ರಿಂಕಿಂಗ್. ಇಲ್ಲಿ ಕನ್ನಡ ಇಂಗ್ಲಿಷಿಗಿಂತಲೂ ಒಂದು ಹೆಜ್ಜೆ ಮುಂದೆ, ಒಂದಕ್ಕೆ ನಿಲ್ಲು, ಇನ್ನೊಂದಕ್ಕೆ ನಿಲ್ಲಿಸು, ಕ್ರಿಯಾಪದವೇ ಬೇರೆ. ಕಾರು ನಿಂತಿತೋ ಚಾ ನಿಂತಿತೋ ಅಂತ ಯಾರೂ ಗಲಿಬಿಲಿ ಮಾಡಿಕೊಳ್ಳುವುದಿಲ್ಲ. ಪೇಷಂಟ್ "ಸ್ಟಾಪ್ಡ್ ಟು ಟೇಕ್ ದ ಟ್ಯಾಬ್ಲೆಟ್" ಅಂತ ಬರೆದರೆ ಅವ ದಾರಿಯಲ್ಲಿ ಎಲ್ಲೋ ನಿಂತು ಮಾತ್ರೆ ನುಂಗಿದ ಅಂತ ಆಗುತ್ತದೆ. ಮಾತ್ರೆ ಬಿಟ್ಟವನ ಬಗ್ಗೆ ಹಾಗೆ ಬರೆದರೆ ಡಾಕ್ಟರು ಎಂತ ತಿಳಿದುಕೊಳ್ಳಬೇಕು?

ಟ್ರೈ ನನಗೆ ಎಲ್ಲಕ್ಕಿಂತ ಇಷ್ಟ ಆದದ್ದು. ಅದು ತಲೆಗೆ ಹೊಳೆದದ್ದು ಬಿಜೈಯಲ್ಲಿ, ಸ್ಕೂಟರ್ ಗ್ಯಾರೇಜಿನಲ್ಲಿ. ಜುಲೈ ಮಳೆಗೆ ನನ್ನ ಹಳೇ ಸ್ಕೂಟರ್ ಬೆಳಗ್ಗೆ ಸ್ಟಾರ್ಟ್ ಆಗುವುದಿಲ್ಲ, ಸೆಲ್ಫ್ ಒತ್ತಿದರೆ ಕೆಮ್ಮಿದ ಹಾಗೆ ಎರಡು ಶಬ್ದ, ಅಷ್ಟೇ. ತಳ್ಳಿಕೊಂಡು ಹೋದೆ. ಅಂಗಿಯೊಳಗೆ ನೀರು, ಹೊರಗೆ ನೀರು.

ಮೆಕ್ಯಾನಿಕ್ ತಲೆ ಎತ್ತದೆ ಕೇಳಿದ, "ಕಿಕ್ ಹೊಡೆದು ನೋಡಿದ್ರಾ ಮಾರಾಯ್ರೆ?"

"ಹೊಡೀಲಿಕ್ಕೆ ನೋಡಿದೆ. ಮೊಣಗಂಟು ನೋವು, ಕಾಲೇ ಎತ್ಲಿಕ್ಕೆ ಆಗ್ಲಿಲ್ಲ."

ಅವ ಬಂದು ತಾನೇ ನಾಲ್ಕು ಸಲ ಕಿಕ್ ಹೊಡೆದ. ಆಗಲಿಲ್ಲ. ಆಮೇಲೆ ಪ್ಲಗ್ ಬಿಚ್ಚಿದ, ಬಟ್ಟೆಯಲ್ಲಿ ಒರೆಸಿದ, ಬಾಯಿಯಿಂದ ಊದಿದ, ಪುನಃ ಹಾಕಿದ, ಕಿಕ್ ಹೊಡೆದ, ಗರ್ರ್ ಅಂತ ಸ್ಟಾರ್ಟ್. ನಾನು ಮಾತ್ರ ಅಲ್ಲೇ ನಿಂತು ನಮ್ಮಿಬ್ಬರ ಮಾತನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. "ಹೊಡೆದು ನೋಡು" ಅಂದರೆ ಟ್ರೈ ಕಿಕಿಂಗ್. ಹೊಡೆಯುವುದೇನೂ ಕಷ್ಟ ಇಲ್ಲ, ಹೊಡೆದರೆ ಏನಾಗುತ್ತದೆ ನೋಡು ಅಂತ. "ಹೊಡೀಲಿಕ್ಕೆ ನೋಡಿದೆ" ಅಂದರೆ ಟ್ರೈಡ್ ಟು ಕಿಕ್. ಹೊಡೆಯುವುದೇ ಕಷ್ಟ, ಆಗಿರಲೂಬಹುದು, ಆಗದೆಯೂ ಇರಬಹುದು. ಇದೇ ವ್ಯತ್ಯಾಸವನ್ನು ಇಂಗ್ಲಿಷ್ ವ್ಯಾಕರಣದ ಪುಸ್ತಕಗಳು ಪ್ರಯೋಗ ಒಂದು, ಪ್ರಯತ್ನ ಇನ್ನೊಂದು ಅಂತ ಅರ್ಧ ಪುಟ ವಿವರಿಸುತ್ತವೆ. ಗ್ರೀಸ್ ಮೆತ್ತಿದ ಕೈಯ ಆ ಮನುಷ್ಯ ಅರ್ಧ ವಾಕ್ಯದಲ್ಲಿ ಹೇಳಿಬಿಟ್ಟಿದ್ದ. ಬಿಲ್ಲು ನೂರು ರೂಪಾಯಿ.

ಒಂದು ಸಂಗತಿ ಗಮನಿಸಿ, ಇಲ್ಲಿ ಇಂಗ್‌ಗೆ ಜೋಡಿಯಾಗಿ ಬಂದದ್ದು ವುದು ಅಲ್ಲ, ಹೊಡೆದು, ಮಾಡಿ, ತಿಂದು ಅನ್ನುವ ರೂಪ. ಫಿನಿಶ್ ಕೂಡ ಹಾಗೇ, "ಓದಿ ಮುಗಿಸಿದೆ", ಫಿನಿಶ್ಡ್ ರೀಡಿಂಗ್. ಕೀಪ್ ಇನ್ನೊಂದು ಥರ, "ಓದ್ತಾ ಇರು", ಕೀಪ್ ರೀಡಿಂಗ್. ಹಾಗಾಗಿ ಇಂಗ್ ಅಂದರೆ ಕನ್ನಡದಲ್ಲಿ ಇಂಥದ್ದೇ ಅಂತ ಒಂದು ಪ್ರತ್ಯಯ ಹಿಡಿದು ಕೂರಬಾರದು. ಕನ್ನಡದ ವಾಕ್ಯದಲ್ಲಿ ಲಿಕ್ಕೆ ಸಹಜವಾಗಿ ಬರುತ್ತದೋ ಇಲ್ಲವೋ ಅಂತ ನೋಡುವುದು ಜಾಸ್ತಿ ಉಪಯೋಗ. "ಓದ್ಲಿಕ್ಕೆ ಮುಗಿಸಿದೆ" ಅಂತ ನಮ್ಮ ಯಾವ ಅಜ್ಜಿಯೂ ಹೇಳುವುದಿಲ್ಲ.

ರಿಗ್ರೆಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆಲಸಕ್ಕೆ ಅರ್ಜಿ ಹಾಕಿದ ಎಲ್ಲರಿಗೂ "ವಿ ರಿಗ್ರೆಟ್ ಟು ಇನ್ಫಾರ್ಮ್ ಯು" ಅನ್ನುವ ಕಾಗದ ಬಂದಿರುತ್ತದೆ. ತಿಳಿಸಲಿಕ್ಕೆ ಬೇಜಾರು, ಆದರೂ ಈಗ ತಿಳಿಸುತ್ತಿದ್ದೇವೆ. "ಐ ರಿಗ್ರೆಟ್ ಟೆಲ್ಲಿಂಗ್ ಹಿಮ್" ಅಂದರೆ ಅವನಿಗೆ ಹೇಳಿದ್ದೇ ತಪ್ಪಾಯಿತು. ಎರಡನೆಯದನ್ನು ನಾನು ತಿಂಗಳಿಗೊಮ್ಮೆ ಹೇಳುತ್ತೇನೆ.

ಹೀಗೆ ಲಿಕ್ಕೆ ಮತ್ತು ಟು ಇಷ್ಟು ಚಂದ ಕೂಡಿಬರುವುದು ಯಾಕೆ? ಲಿಕ್ಕೆಯ ಬಾಲ ನೋಡಿ, ಕ್ಕೆ. ಕೆಲಸಕ್ಕೆ, ಮರಕ್ಕೆ, ಊಟಕ್ಕೆ ಅನ್ನುವ ಅದೇ ಚತುರ್ಥಿಯ ಕ್ಕೆ. ಬೆರಳು ಮಾಡಿ ತೋರಿಸುವ ಪ್ರತ್ಯಯ, ಅತ್ತ ಕಡೆಗೆ ಅಂತ. ಇಂಗ್ಲಿಷಿನ ಟು ಕೂಡ ಹುಟ್ಟಿನಲ್ಲಿ ಅದೇ, ಟು ಉಡುಪಿ ಅನ್ನುವ ಟು ಮತ್ತು ಟು ಗೋ ಅನ್ನುವ ಟು ಒಂದೇ ಮೂಲದವು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಡ್ರಿಂಕನ್ ಅಂದರೆ ಕುಡಿ, ಟು ಬಂದಾಗ ಮಾತ್ರ ಅದು ಬಾಲ ಬದಲಿಸಿ "ಟು ಡ್ರಿಂಕೆನ್ನೆ" ಆಗುತ್ತಿತ್ತು, ಆ ಬಾಲವೂ ಚತುರ್ಥಿಯ ಥರದ್ದೇ. ಕುಡಿಯುವ ಕಡೆಗೆ, ಕುಡೀಲಿಕ್ಕೆ. ಬಾಲ ಕಾಲಕ್ರಮದಲ್ಲಿ ಉದುರಿತು, ಟು ಉಳಿಯಿತು. ಎಲ್ಲಿಯ ಇಂಗ್ಲೆಂಡ್, ಎಲ್ಲಿಯ ನೇತ್ರಾವತಿ, ಸಂಬಂಧ ಇಲ್ಲದ ಎರಡು ಭಾಷೆಗಳು ಇನ್ನೂ ಆಗದ ಕೆಲಸವನ್ನು ಒಂದೇ ರೀತಿ ಬೆರಳು ಮಾಡಿ ತೋರಿಸುತ್ತವೆ.

ಇಂಗ್ ಹಾಗಲ್ಲ. ಅದು ಕ್ರಿಯಾಪದವನ್ನು ಹಿಡಿದು ನಾಮಪದ ಮಾಡುತ್ತಿದ್ದ ಹಳೇ ಪ್ರತ್ಯಯ. ನಾವು ದಿನಾ ಬಳಸುವ ಶಬ್ದಗಳಲ್ಲೇ ಉಂಟು, ಬಿಲ್ಡಿಂಗ್, ಮೀಟಿಂಗ್, ವೈರಿಂಗ್, ಪಾರ್ಕಿಂಗ್. "ಹಂಪನಕಟ್ಟೆಯಲ್ಲಿ ಪಾರ್ಕಿಂಗ್ ಸಿಗುವುದಿಲ್ಲ" ಅನ್ನುವಾಗ ಪಾರ್ಕಿಂಗ್ ಒಂದು ವಸ್ತು, ಸಿಗುವಂಥದ್ದು, ಸಿಗದಂಥದ್ದು. ಕೊಟ್ಟದ್ದು, ತಂದದ್ದು ಅನ್ನುವಾಗ ಕೊನೆಗೆ ಕೂತ ಅದು ಕೂಡ ಇದೇ ಕೆಲಸ ಮಾಡುತ್ತದೆ.

ಇಂಥ ಹೋಲಿಕೆ ನೋಡುವುದು ಈ ಊರಿಗೆ ಹೊಸದೂ ಅಲ್ಲ. ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದು ಇದೇ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. 1903ರಲ್ಲಿ ಅವರ ಕನ್ನಡ ವ್ಯಾಕರಣವೂ ಇಲ್ಲಿಂದಲೇ ಬಂತು. ಒಬ್ಬ ಜರ್ಮನ್, ಕನ್ನಡದ ಕ್ರಿಯಾಪದಗಳನ್ನು ಇಂಗ್ಲಿಷಿನಲ್ಲಿ ವಿವರಿಸುತ್ತಾ ಕೂತದ್ದು. ಮೂರು ಭಾಷೆ ಒಟ್ಟಿಗೆ ತಲೆಯಲ್ಲಿ. ನನಗೆ ಒಂದು ಸೆಂಡಿಂಗ್‌ಗೇ ಬೆವರು ಬಂತು.

ಇಲ್ಲಿಯವರೆಗೆ ಹೇಳಿದ್ದು ಕೇಳಿ ಸೊಸೆ ಬಹಳ ಖುಷಿಯಾದಳು. ಪಟ್ಟಿ ಹರಿದು ಬಿಸಾಡುತ್ತೇನೆ ಅಂದಳು. ಬೇಡ ಅಂದೆ, ಯಾಕೆಂದರೆ ಅಷ್ಟರಲ್ಲಿ ನನಗೆ ಸಜೆಸ್ಟ್ ನೆನಪಾಗಿತ್ತು.

ಸಜೆಸ್ಟ್ ನಮ್ಮವರ ಕಾಲು ಎಳೆಯುವ ಶಬ್ದ. "ಡಾಕ್ಟರು ರೆಸ್ಟ್ ಮಾಡ್ಲಿಕ್ಕೆ ಹೇಳಿದ್ರು." ಹೇಳಿದರು ಅನ್ನುವುದಕ್ಕೆ ಟೋಲ್ಡ್ ಹಾಕಿದರೆ ಲಿಕ್ಕೆಗೆ ಟು ಸರಿ, "ಟೋಲ್ಡ್ ಮಿ ಟು ರೆಸ್ಟ್." ಸ್ವಲ್ಪ ಚಂದ ಕಾಣಲಿ ಅಂತ ಸಜೆಸ್ಟೆಡ್ ಹಾಕಿದಿರೋ, ಗುಂಡಿಗೆ ಬಿದ್ದಿರಿ. "ಸಜೆಸ್ಟೆಡ್ ಮಿ ಟು ರೆಸ್ಟ್" ಅಂತ ಆಗುವುದಿಲ್ಲ. "ಸಜೆಸ್ಟೆಡ್ ರೆಸ್ಟಿಂಗ್" ಆಗಬೇಕು, ಇಲ್ಲ "ದಟ್ ಐ ರೆಸ್ಟ್" ಅಂತ. ಲಿಕ್ಕೆ ಇಲ್ಲಿ ಕೈ ಕೊಡುತ್ತದೆ. ಎಂಜಾಯ್ ಕೂಡ ಹಾಗೇ. "ಓದ್ಲಿಕ್ಕೆ ಖುಷಿ" ಅಂತ ನಾವು ಆರಾಮಾಗಿ ಹೇಳುತ್ತೇವೆ, ಅವರು "ಎಂಜಾಯ್ ರೀಡಿಂಗ್" ಮಾತ್ರ ಒಪ್ಪುತ್ತಾರೆ. "ಈಜ್ಲಿಕ್ಕೆ ಕಲಿತೆ" ಅಂದರೆ ಲರ್ನ್ಡ್ ಟು ಸ್ವಿಮ್, ಸರಿ. "ಈಜ್ಲಿಕ್ಕೆ ಪ್ರಾಕ್ಟೀಸ್ ಮಾಡಿದೆ" ಅಂದರೆ ಪ್ರಾಕ್ಟೀಸ್ಡ್ ಸ್ವಿಮ್ಮಿಂಗ್. ಪಕ್ಕ ಪಕ್ಕದ ಎರಡು ಕೆಲಸ, ಒಂದೇ ಕೆರೆ, ನಿಯಮ ಬೇರೆ.

ಇನ್ನೂ ಒಂದು ಪೆಟ್ಟು, ಮ್ಯಾನೇಜ್. "ಐ ಮ್ಯಾನೇಜ್ಡ್ ಟು ಓಪನ್ ದ ಡೋರ್" ಅಂದರೆ ಬಾಗಿಲು ತೆರೆದಾಗಿದೆ. ಆಗಿಹೋದ ಕೆಲಸ, ಆದರೂ ಟು. ಕನ್ಸಿಡರ್ ಇದಕ್ಕೆ ಉಲ್ಟಾ, "ಕನ್ಸಿಡರಿಂಗ್ ಗೋಯಿಂಗ್ ಅಬ್ರಾಡ್", ಹೋಗಿಲ್ಲ, ಟಿಕೆಟ್ಟೂ ಇಲ್ಲ, ಆದರೂ ಇಂಗ್. ಹೋಗುವುದು ಅನ್ನುವುದನ್ನು ಒಂದು ವಸ್ತುವಿನ ಹಾಗೆ ಮೇಜಿನ ಮೇಲಿಟ್ಟು ಆ ಕಡೆ ಈ ಕಡೆ ತಿರುಗಿಸಿ ನೋಡುವುದು ಅಂತ ಬೇಕಾದರೆ ಸಮಾಧಾನ ಮಾಡಿಕೊಳ್ಳಬಹುದು, ಸಜೆಸ್ಟ್‌ಗೂ ಅದೇ ಸಮಾಧಾನ ಹೇಳಬಹುದು, ಆದರೆ ಮ್ಯಾನೇಜ್‌ಗೆ ನನ್ನ ಹತ್ತಿರ ಯಾವ ಸಮಾಧಾನವೂ ಇಲ್ಲ, ಸುಮ್ನೆ ಬಾಯಿಪಾಠ ಮಾಡಬೇಕು. ಡ್ವೈಟ್ ಬೋಲಿಂಜರ್ ಅನ್ನುವ ಅಮೆರಿಕದ ಭಾಷಾಶಾಸ್ತ್ರಜ್ಞರು 1968ರಲ್ಲೇ ಈ ಎರಡು ರೂಪಗಳ ಬಗ್ಗೆ ಬರೆದಿದ್ದರು. ರೂಪ ಬೇರೆ ಅಂದಮೇಲೆ ಅರ್ಥದಲ್ಲೂ ಏನಾದರೂ ವ್ಯತ್ಯಾಸ ಇದ್ದೇ ಇರುತ್ತದೆ ಅಂತ ಅವರ ವಾದ. ನನಗೆ ಅದು ಸರಿ ಅನಿಸುತ್ತದೆ. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಆ ವಾದ ಹಿಡಿದುಕೊಂಡು ಮ್ಯಾನೇಜ್ ಎದುರು ಕೂತರೆ ಬೆಳಗಾಗುತ್ತದೆ.

ಸ್ಟಾರ್ಟ್, ಬಿಗಿನ್, ಲೈಕ್, ಹೇಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಎರಡೂ ನಡೆಯುತ್ತದೆ. ಮಳೆ ಶುರುವಾಗುತ್ತಿದೆ ಅನ್ನುವಾಗ ಮಾತ್ರ "ಇಟ್ ಈಸ್ ಸ್ಟಾರ್ಟಿಂಗ್ ಟು ರೈನ್" ಅನ್ನಿ, ಎರಡೆರಡು ಇಂಗ್ ಪಕ್ಕದಲ್ಲಿ ಕೂತರೆ ಕಿವಿಗೆ ಕರ್ಕಶ.

ಆಫೀಸಿನವರಿಗೆ ಬೇಕಾದದ್ದು ಒಂದುಂಟು. ನಮ್ಮ ಕಡೆಯ ಹತ್ತರಲ್ಲಿ ಐದಾರು ಮೇಲುಗಳು "ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು" ಅಂತ ಮುಗಿಯುತ್ತವೆ. ನಾನೂ ವರ್ಷಗಟ್ಟಲೆ ಹಾಗೇ ಬರೆದೆ. ಟು ಕಂಡ ಕೂಡಲೇ ಇದು ಇನ್ಫಿನಿಟಿವ್ ಅಂತ ಹಾರಿಬಿಡುತ್ತೇವೆ. ಇದು ಆ ಟು ಅಲ್ಲ, ಟು ಉಡುಪಿ ಅನ್ನುವ ಟು. ಪರೀಕ್ಷೆ ಮಾಡುವ ಉಪಾಯ ಸುಲಭ, ಟು ಆದಮೇಲೆ ಒಂದು ನಾಮಪದ ಇಟ್ಟು ನೋಡಿ. (ಇಟ್ಟು ನೋಡಿ, ಟ್ರೈ ಪುಟಿಂಗ್!) "ಲುಕಿಂಗ್ ಫಾರ್ವರ್ಡ್ ಟು ಊಟ." ಕೂರುತ್ತದೆ. ಹಾಗಾದರೆ ಕ್ರಿಯಾಪದಕ್ಕೆ ಇಂಗ್ ಬೇಕು, "ಟು ಮೀಟಿಂಗ್ ಯು." "ಐ ವಾಂಟ್ ಟು ಊಟ." ಕೂರುವುದಿಲ್ಲ, ಹಾಗಾಗಿ "ಟು ಈಟ್." ಯೂಸ್ಡ್ ಟು ಅನ್ನುವುದರಲ್ಲೂ ಇದೇ ಕಥೆ. "ಐ ಯೂಸ್ಡ್ ಟು ವರ್ಕ್ ನೈಟ್ಸ್" ಅಂದರೆ ಮೊದಲು ನೈಟ್ ಮಾಡ್ತಿದ್ದೆ, ಈಗ ಇಲ್ಲ. "ಐ ಆಮ್ ಯೂಸ್ಡ್ ಟು ವರ್ಕಿಂಗ್ ನೈಟ್ಸ್" ಅಂದರೆ ನೈಟ್ ಅಭ್ಯಾಸ ಆಗಿದೆ. ಹೊರಗೆ ಹೋಗುವ ನರ್ಸ್ ಇಂಟರ್‌ವ್ಯೂನಲ್ಲಿ ಇದನ್ನು ಅದಲು ಬದಲು ಹೇಳಿದರೆ ಎದುರಿಗೆ ಕೂತವರು ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ.

ಕೊನೆಗೆ ಇಬ್ಬರೂ ಕೂತು ಹಳೇ ಹಾಳೆ ತೆಗೆದು ಹೊಸ ಹಾಳೆ ಬರೆದೆವು. ಲಿಕ್ಕೆ ಹೇಳಿದಲ್ಲಿ ಟು ಸರಿಯಾಗಿ ಬರುವ ಶಬ್ದಗಳನ್ನು ಬರೆಯಲೇ ಇಲ್ಲ. ಒಪ್ಪು, ನಿರಾಕರಿಸು, ನಿರ್ಧರಿಸು, ಕಲಿ, ಮರೆ, ಅವೆಲ್ಲ ತಾವಾಗಿಯೇ ಬರುತ್ತವೆ. ಲಿಕ್ಕೆ ಮೋಸ ಮಾಡುವವು ಮಾತ್ರ ಉಳಿದವು. ಸಜೆಸ್ಟ್, ಎಂಜಾಯ್, ಪ್ರಾಕ್ಟೀಸ್, ಕನ್ಸಿಡರ್, ಮೈಂಡ್, ಲುಕ್ ಫಾರ್ವರ್ಡ್. ಅರ್ಧ ಪುಟವೂ ಆಗಲಿಲ್ಲ. ಮ್ಯಾನೇಜ್ ಅನ್ನು ಅವಳು ಕೆಂಪು ಪೆನ್ನಲ್ಲಿ ಬರೆದಳು.

ಖಾಲಿ ಉಳಿದ ಜಾಗದಲ್ಲಿ ನನ್ನ ಹೆಂಡತಿ ಮರುದಿನ ಬರೆದಿದ್ದಳು, "ಸಂಜೆ ಹಾಲು ತರ್ಲಿಕ್ಕೆ ಮರೀಬೇಡಿ." ಅವಳಿಗೆ ಗ್ರಾಮರಿನ ಗೊಡವೆ ಇಲ್ಲ, ಗೋಡೆಯಲ್ಲಿ ಜಾಗ ಸಿಕ್ಕಿದಲ್ಲಿ ಬರೆಯುವವಳು. ಸಂಜೆ ಆಫೀಸಿನಿಂದ ಬರುವಾಗ ನೆನಪಿಟ್ಟು ಒಂದು ಲೀಟರ್ ತಂದೆ. ಫ್ರಿಜ್ ತೆಗೆದರೆ ಒಳಗೆ ಇನ್ನೊಂದು ಲೀಟರ್ ಕೂತಿದೆ. ಮಧ್ಯಾಹ್ನ ಊಟಕ್ಕೆ ಬಂದವ ನಾನೇ ತಂದು ಇಟ್ಟು ಹೋಗಿದ್ದೆ.

ಸೊಸೆ ಹಿಂದಿನಿಂದ ಬಗ್ಗಿ ನೋಡಿದಳು. "ಮಾಮ, ಇದು ಇಂಗ್" ಅಂದಳು.